ಮಣೆ ದೀಪವಾದದ್ದು

ದೀಪವೆಂದರೆ ಹೆಚ್ಚು ಬೆಳಕನ್ನು ಕೊಡತಕ್ಕ ವಸ್ತು ಎಂಬ ಅಭಿಪ್ರಾಯದಲ್ಲಿಯೇ ನಾನು ನನ್ನ ಅರವತ್ತೆರಡು ವರ್ಷಗಳನ್ನು ಕಳೆದೆ. ಅವುಗಳಲ್ಲಿ ಮೂವತ್ತೊಂದು ವರ್ಷ ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರವನ್ನು ಹೇಳಿಕೊಟ್ಟೆನೆಂದು ಇಲ್ಲಿ ಒಪ್ಪಿಕೊಳ್ಳುವುದು ನನಗೇನೂ ಹೆಮ್ಮೆಯ ಸಂಗತಿಯಲ್ಲ. ಬೆಳಕಿನ ಪ್ರತಿಫಲನ, ವಕ್ರೀಭವನ, ಚದುರುವಿಕೆ ಇವನ್ನೆಲ್ಲ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದವನಿಗೆ, ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿಗೆ ಹೋಗುವ ಎಂಬತ್ತಾರು ವರ್ಷದ ಜೀವಕ್ಕೆ ಎಂಥ ಬೆಳಕು ಬೇಕೆಂಬ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅದು ಹೊಳೆಯಬೇಕಾದರೆ ನಮ್ಮ ತಾಯಿ ಬಿದ್ದು ಕೈ ಮುರಿದುಕೊಳ್ಳಬೇಕಾಯಿತು.

ಕಳೆದ ವರ್ಷದ ಶ್ರಾವಣದ ಮಾತು. ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ಅಮ್ಮನ ಕೋಣೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ನಡುವೆ ಒಂದು ಎತ್ತರದ ಹೊಸ್ತಿಲು. ಆ ಕೋಣೆಗೆ ನಾನೇ ಮುಂದೆ ನಿಂತು ಒಂದು ನೀಲಿಯ ಸಣ್ಣ ದೀಪವನ್ನು ಹಾಕಿಸಿದ್ದೆ. ನಮ್ಮ ಮನೆಯಲ್ಲಿ ಅದಕ್ಕೆ ಇಂದಿಗೂ ‘ಜೀರೋ ಬಲ್ಬು’ ಎಂದೇ ಹೆಸರು. (ಹೆಸರು ಸೊನ್ನೆಯಾದರೂ ಹಳೆಯ ತಂತಿಯ ಕಾಲದಲ್ಲಿ ಅದು ಸುಮಾರು ೧೫ ವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು.) “ಈ ನೀಲಿ ದೀಪ ಇದ್ದರೆ ನಿದ್ದೆ ಹತ್ತೋದಿಲ್ಲ ಕಣೋ ಪುಟ್ಟಾ, ಆಸ್ಪತ್ರೇಲಿ ಮಲಗಿದ ಹಾಗಾಗುತ್ತೆ” ಎಂದು ಅಮ್ಮ ಎರಡು ಮೂರು ಸಲ ಹೇಳಿದ್ದಳು. ಅದನ್ನು ನಾನು ವೃದ್ಧರ ಗೊಣಗಾಟದ ಲೆಕ್ಕಕ್ಕೆ ಬರೆದುಕೊಂಡೆ. ಅಮ್ಮ ವಾದಮಾಡುವವಳಲ್ಲ. ನಾವೆಲ್ಲ ಮಲಗಿದ ಮೇಲೆ ಎದ್ದು ದೀಪವನ್ನು ಶಾಂತಮಾಡಿ ಮಲಗುತ್ತಿದ್ದಳು. ‘ದೀಪ ಆರಿಸು’ ಎಂಬ ಮಾತು ಅವಳ ಬಾಯಲ್ಲಿ ಬರತಕ್ಕದ್ದಲ್ಲ. ಗುಂಡಿಯೊತ್ತುವ ದೀಪವನ್ನೂ ಅವಳು ಶಾಂತವೇ ಮಾಡುತ್ತಾಳೆ.

ಹಾಗೆ ಶಾಂತಮಾಡಿದ ಒಂದು ರಾತ್ರಿ ಕತ್ತಲೆಯಲ್ಲಿ ಹೊಸ್ತಿಲನ್ನು ಎಡವಿದಳು. ಬಲಗೈಯನ್ನು ಊರಿ ಬಿದ್ದದ್ದರಿಂದ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಅದನ್ನು ಬಿಚ್ಚಿದಾಗ ಎಲುಬು ಕೂಡಿತ್ತು. ಬೆರಳುಗಳು ಮಾತ್ರ ಕೊರಡಿನಂತಾಗಿದ್ದವು. ವೈದ್ಯರು ಒಂದು ರಬ್ಬರು ಚೆಂಡನ್ನು ದಿನಕ್ಕೆ ನಾಲ್ಕು ಹೊತ್ತು ಹಿಸುಕುವಂತೆ ಹೇಳಿದರು. ಅಮ್ಮ ಎರಡು ದಿನ ಹಿಸುಕಿ ಮೂರನೆಯ ದಿನ ಅದನ್ನು ಪಕ್ಕದ ಮನೆಯ ಮಗುವಿಗೆ ಆಡಲು ಕೊಟ್ಟುಬಿಟ್ಟಳು.

ಅಂದಿನಿಂದ ನಮ್ಮ ಬಾಗಿಲಲ್ಲಿ ರಂಗೋಲಿ ನಿಂತಿತು. ಎಪ್ಪತ್ತು ವರ್ಷಕ್ಕೂ ಮೇಲಾಗಿ ಒಂದು ದಿನವೂ ತಪ್ಪದೆ ಎಳೆದ ಎಳೆ ಅದು. ನನ್ನ ಹೆಂಡತಿಗೆ ಮೊಣಕಾಲಿನ ನೋವು. ಬಗ್ಗಿ ಕುಳಿತು ಬಿಡಿಸಲಾರಳು. ಆದ್ದರಿಂದ ಪೇಟೆಯಿಂದ ಅಂಟಿಸುವ ರಂಗೋಲಿಯೊಂದನ್ನು ತಂದು ಹೊಸ್ತಿಲ ಮುಂದೆ ಅಂಟಿಸಿದಳು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, “ಚೆನ್ನಾಗಿದೆ ಕಣಮ್ಮ. ಆದರೆ ಇದನ್ನ ನಾಳೆ ಅಳಿಸೋದು ಹೇಗೆ?” ಎಂದಳು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ತಪ್ಪು ಮಾಡಿದ ಮೇಷ್ಟರಿಗೆ ಉಳಿಯುವ ದಾರಿ ಪುಸ್ತಕ ತೆಗೆಯುವುದೊಂದೇ. ಓದಿದಂತೆಲ್ಲ ಅಮ್ಮನ ಗೊಣಗಾಟಕ್ಕೆ ಶಾಸ್ತ್ರದ ಆಧಾರವೇ ಸಿಕ್ಕಿತು. ನಮ್ಮ ಕಣ್ಣಿನ ಒಳಪರದೆಯಲ್ಲಿ ಕಂಬಿಗಳು, ಶಂಕುಗಳು ಎಂಬ ಎರಡು ಬಗೆಯ ಕೋಶಗಳು ಬೆಳಕನ್ನು ಹಿಡಿಯುತ್ತವೆಂದು ನಾವೆಲ್ಲ ಓದಿದ್ದೆವು. ಮೂರನೆಯ ಬಗೆಯ ಕೋಶಗಳೂ ತಾವಾಗಿಯೇ ಬೆಳಕನ್ನು ಅರಿಯುತ್ತವೆಂದು ೨೦೦೨ರಲ್ಲಿ ಅಮೆರಿಕದ ಡೇವಿಡ್ ಬರ್ಸನ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಇವುಗಳ ಕೆಲಸ ಮುಖ್ಯವಾಗಿ ನೋಡುವುದಲ್ಲ. ಹಗಲೋ ಇರುಳೋ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು. ಸುಮಾರು ೪೮೦ ನ್ಯಾನೋಮೀಟರಿನ ನೀಲಿ ಬೆಳಕೆಂದರೆ ಇವಕ್ಕೆ ಎಲ್ಲಕ್ಕಿಂತ ಹೆಚ್ಚು ಎಚ್ಚರ. ನೀಲಿ ಬಿದ್ದರೆ ಹಗಲೆಂದು ಸಾರುತ್ತವೆ. ನಿದ್ರೆಯ ಹೊತ್ತನ್ನು ತಿಳಿಸುವ ಮೆಲಟೋನಿನ್ ಎಂಬ ರಸ ಕುಗ್ಗುತ್ತದೆ. ಹಾಗಾದರೆ ನಾನು ನಮ್ಮ ತಾಯಿಯ ಮಂಚದ ಮೇಲೆ ಪ್ರತಿ ರಾತ್ರಿ ಒಂದು ಚೂರು ಹಗಲನ್ನು ತೂಗುಹಾಕಿದ್ದೆನೆಂದಾಯಿತು.

ಇನ್ನೊಂದು ಸಂಗತಿ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿನ ಒಳಕ್ಕೆ ಸೇರುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ದಕ್ಕುವುದು ಸುಮಾರು ಮೂರನೆಯ ಒಂದು ಪಾಲು. ಕತ್ತಲೆಗೆ ಒಗ್ಗಿಕೊಳ್ಳಲು ಎಳೆಯರ ಕಣ್ಣಿಗೇ ಅರ್ಧ ಗಂಟೆಯ ಸುಮಾರು ಹಿಡಿಯುತ್ತದೆ. ಮುಪ್ಪಿನಲ್ಲಿ ಇನ್ನೂ ಹೆಚ್ಚು. ಹಾಗೆ ಒಗ್ಗಿದ ಕಣ್ಣಿಗೆ ಟ್ಯೂಬ್‌ಲೈಟನ್ನು ಹಾಕಿ ಆರಿಸಿದರೆ ಕತ್ತಲೆ ಮೊದಲಿಗಿಂತ ದಟ್ಟವಾಗುತ್ತದೆ. ಆದ್ದರಿಂದ ಅಮ್ಮನಿಗೆ ಬೇಕಾದದ್ದು ಬೇರೆ ಜಾತಿಯ ದೀಪ: ಜೇನಿನ ಬಣ್ಣದ್ದು, ಮಂದವಾದದ್ದು, ಕಣ್ಣಿಗೆ ಹೊಡೆಯದೆ ಕಾಲಿಗೆ ದಾರಿ ತೋರುವಂತೆ ಕೆಳಗೆ ಇರತಕ್ಕದ್ದು. ನಮ್ಮ ಹೊಸ್ತಿಲ ಪಕ್ಕದ ಗೋಡೆಯಲ್ಲಿ ಮೊಣಕಾಲೆತ್ತರದಲ್ಲಿ ಒಂದು ಹಳೆಯ ಗೂಡಿದೆ. ಎಣ್ಣೆಯ ಬುಡ್ಡಿ ಇಡುವುದಕ್ಕೆಂದೇ ಕಟ್ಟಿದ್ದು. ಅದರಲ್ಲಿ ನಾವು ಇಷ್ಟು ವರ್ಷ ಹಳೆಯ ಬೀಗದ ಕೈಗಳನ್ನು ಇಟ್ಟಿದ್ದೆವು.

ಇಂಥ ದೀಪವನ್ನು ಅಂಗಡಿಯಲ್ಲಿ ಕೊಳ್ಳಬಹುದಾಗಿತ್ತು. ಆದರೆ ಪ್ರಾಯಶ್ಚಿತ್ತವನ್ನು ಅಂಗಡಿಯಲ್ಲಿ ಕೊಳ್ಳುವುದು ನನಗೆ ಸರಿಕಾಣಲಿಲ್ಲ. ನಿವೃತ್ತನಾದವನಿಗೆ ಹೊತ್ತಿಗೇನೂ ಬರವಿರಲಿಲ್ಲ. ಮರದ ಪೀಠ, ಅದರಲ್ಲಿ ನೆಟ್ಟಗೆ ನಿಲ್ಲುವ ಒಂದು ಗಾಜು, ಗಾಜಿನ ಮೇಲೆ ಕೊರೆದ ಒಂದು ಚಿತ್ರ, ಕೆಳಗಿನಿಂದ ಅದಕ್ಕೆ ಬೆಳಕು: ಇಷ್ಟು ನನ್ನ ಯೋಜನೆ.

ಮರ ಅಟ್ಟದ ಮೇಲೆಯೇ ಇತ್ತು. ನಮ್ಮ ಮನೆಯ ನಾಲ್ಕು ಹಲಸಿನ ಮಣೆಗಳಲ್ಲಿ ತಂದೆಯವರು ಊಟಕ್ಕೆ ಕೂರುತ್ತಿದ್ದ ಮಣೆ ಉದ್ದಕ್ಕೂ ಸೀಳುಬಿಟ್ಟಿತ್ತು. ಅವರು ಹೋಗಿ ಹನ್ನೊಂದು ವರ್ಷವಾದರೂ ಅದನ್ನು ಹೊರಗೆ ಹಾಕುವ ಮಾತನ್ನು ಯಾರೂ ಆಡಿರಲಿಲ್ಲ. ಹೆದರುತ್ತಲೇ ಅಮ್ಮನನ್ನು ಕೇಳಿದೆ. “ಸೀಳಿದ ಮಣೇಲಿ ಯಾರು ಕೂತಾರು? ಕೂತರೆ ಚಿವುಟುತ್ತೆ. ಏನು ಬೇಕೋ ಮಾಡ್ಕೋ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಪೂರಾ ಹಾಳುಮಾಡಬೇಡ” ಎಂದಳು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಆಚಾರ್ರು ಇದ್ದಾರೆ. ಮಣೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಸೀಳಿನ ಗುಂಟ ಗರಗಸ ಹಾಕಿದರು. ಹೊರಗೆ ಕಾಫಿಯ ಬಣ್ಣಕ್ಕೆ ತಿರುಗಿದ್ದ ಮರದ ಒಳಗೆ ಅರಿಸಿನದಂಥ ಹಳದಿ! ಹಲಸಿನ ತಿರುಳು ಗಾಳಿ ಬೆಳಕುಗಳಿಗೆ ಕಂದುತ್ತ ಹೋಗುತ್ತದೆ; ಒಳಗೆ ಮಾತ್ರ ಹಳದಿ ಉಳಿದುಕೊಂಡಿರುತ್ತದೆ. ಥೈಲೆಂಡಿನ ಅರಣ್ಯವಾಸಿ ಬೌದ್ಧ ಭಿಕ್ಷುಗಳು ತಮ್ಮ ಚೀವರಗಳಿಗೆ ಬಣ್ಣ ಕಟ್ಟುವುದು ಈ ತಿರುಳಿನ ಚಕ್ಕೆಗಳನ್ನು ಕುದಿಸಿದ ನೀರಿನಲ್ಲಿಯೇ. ವೀಣೆಗೂ ಮೃದಂಗಕ್ಕೂ ಬೇಕಾದ ಮರವೂ ಇದೇ. ಎಂಟು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ಒಂದು ತುಂಡನ್ನು ಕೊಯ್ದು ಕೊಟ್ಟು, “ಗಾಡಿ ನೀವೇ ಹೊಡೀರಿ ಸ್ವಾಮಿ, ಕೈ ಅಭ್ಯಾಸವಾಗಲಿ” ಎಂದು ಉಳಿಯನ್ನು ನನ್ನ ಕೈಗಿತ್ತರು.

ಗಾಡಿಯೆಂದರೆ ಮರದಲ್ಲಿ ಗಾಜು ಕೂರುವ ಕಾಲುವೆ. ಅರ್ಧ ಅಂಗುಲ ಆಳದ ಆ ಕಾಲುವೆಯನ್ನು ತೋಡಲು ನನಗೆ ಮೂರು ಸಂಜೆ ಹಿಡಿಯಿತು. ೫ ಮಿಲಿಮೀಟರಿನ ಗಾಜಿಗೆ ೫ ಮಿಲಿಮೀಟರಿನ ಗಾಡಿ. ಲೆಕ್ಕದಲ್ಲಿ ನಾನು ಕಡುನಿಷ್ಠ. ಪರೀಕ್ಷೆಗೆಂದು ತಂದಿದ್ದ ಬರಿಯ ಗಾಜನ್ನು ಕೂರಿಸಿ ಮೇಲಿನಿಂದ ಮೆಲ್ಲಗೆ ತಟ್ಟಿದೆ. ಟಿಕ್ಕೆಂಬ ಸಣ್ಣ ಸದ್ದು. ಮೂಲೆಯಿಂದ ಮೂಲೆಗೆ ಬಿರುಕು. ಆಚಾರ್ರು ನಗಲಿಲ್ಲ. “ಮರ ಮಳೆಗಾಲಕ್ಕೆ ಒಂದು ಥರ, ಬೇಸಗೇಗೆ ಒಂದು ಥರ ಇರುತ್ತೆ. ಗಾಜು ಯಾವಾಗಲೂ ಒಂದೇ ಥರ. ಬಗ್ಗೋದಿಲ್ಲ ಅನ್ನೋವರ ಹತ್ತಿರ ಸ್ವಲ್ಪ ಜಾಗ ಬಿಟ್ಟೇ ಇರಬೇಕು” ಎಂದರು. ಗಾಡಿಯನ್ನು ಉಪ್ಪುಕಾಗದದಿಂದ ತಿಕ್ಕಿ ೬ ಮಿಲಿಮೀಟರಿಗೆ ಅಗಲಿಸಿ, ಎರಡು ಬದಿಗೂ ಉಣ್ಣೆಯ ಬಟ್ಟೆಯ ತೆಳ್ಳನೆಯ ಪಟ್ಟಿ ಅಂಟಿಸಿದೆ.

ಕೆಳಭಾಗದಲ್ಲಿ ದೀಪಗಳಿಗೆ ಗುಳಿ. ಜೇನುಬಣ್ಣದ ಮೂರು ಸಣ್ಣ ಎಲ್‌ಇಡಿ ದೀಪಗಳು. ಪ್ರತಿಯೊಂದಕ್ಕೂ ೩೩೦ ಓಮಿನ ಒಂದೊಂದು ರೆಸಿಸ್ಟರು. ವಿದ್ಯುತ್ತು ಹಳೆಯ ಮೊಬೈಲಿನ ೫ ವೋಲ್ಟ್ ಚಾರ್ಜರಿನಿಂದ. ಬಚ್ಚಲಿನ ಹಾದಿಯಲ್ಲಿ ಒದ್ದೆ ಕೈ ತಾಕಿದರೂ ಈ ೫ ವೋಲ್ಟಿನಿಂದ ಭಯವಿಲ್ಲ. ಒಂದು ದೀಪದಲ್ಲಿ ಹರಿಯುವುದು ಸುಮಾರು ೯ ಮಿಲಿಆಂಪಿಯರು. ಮೂರೂ ಸೇರಿ ವ್ಯಾಟಿನ ಏಳನೆಯ ಒಂದು ಭಾಗ. ಚಾರ್ಜರಿನ ಸ್ವಂತ ಖರ್ಚನ್ನು ಬಿಟ್ಟರೆ, ರಾತ್ರಿಗೆ ಹತ್ತು ಗಂಟೆ ಉರಿದರೂ ಒಂದು ಯೂನಿಟ್ಟಿನಲ್ಲಿ ಏಳು ನೂರು ರಾತ್ರಿಗಳಾಚೆಗೂ ಹೋಗುತ್ತದೆ. ಮರಕ್ಕೆ ಅಗಸೆಯೆಣ್ಣೆಯನ್ನು ಎರಡು ಸಲ ಉಜ್ಜಿ, ಮೇಲೆ ಜೇನುಮೇಣ ಹಚ್ಚಿದೆ. ಇಲ್ಲಿ ವಾಚಕರಿಗೆ ಒಂದು ಎಚ್ಚರಿಕೆ: ಅಗಸೆಯೆಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಒಣಗುವಾಗ ಆ ಎಣ್ಣೆ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಬೇಕು.

ಇನ್ನು ಚಿತ್ರ. ಅದು ಅಮ್ಮನ ರಂಗೋಲಿಯೇ ಆಗಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಆದರೆ ಅವಳಿಗೆ ವಿಷಯ ತಿಳಿಸಲಿಲ್ಲ. ಅನಿರೀಕ್ಷಿತವಾಗಿ ಕೊಟ್ಟು ಸಂತೋಷಪಡಿಸಬೇಕೆಂಬ ಚಾಪಲ್ಯ. ಒಂದು ಮಧ್ಯಾಹ್ನ ಕಾಗದ, ಪೆನ್ಸಿಲು ಕೊಟ್ಟು, “ಏಳು ಚುಕ್ಕಿಯ ಆ ರಂಗೋಲಿ ಹೇಗಮ್ಮ?” ಎಂದು ಕೇಳಿದೆ. ನಡುವೆ ಏಳು, ಎರಡು ಕಡೆಗೂ ಆರು, ಐದು, ನಾಲ್ಕು. ಒಟ್ಟು ಮೂವತ್ತೇಳು ಚುಕ್ಕಿಗಳು. ಅವುಗಳ ಸುತ್ತ ಬಳಸಿ ಬರುವ ಎಳೆ. ಕೊರಡಾದ ಬೆರಳುಗಳಲ್ಲಿ ಪೆನ್ಸಿಲನ್ನು ಹೇಗೋ ಸಿಕ್ಕಿಸಿಕೊಂಡು ಬರೆದಳು. ಎಳೆ ಅಲ್ಲಲ್ಲಿ ನಡುಗಿತ್ತು, ಒಂದೆಡೆ ತುಂಡಾಗಿತ್ತು. ನನಗೆ ಅದೇ ಅಮೂಲ್ಯವಾಗಿ ಕಂಡಿತು.

ನಾಮಫಲಕ, ಸ್ಮರಣಿಕೆಗಳನ್ನು ಕೊರೆದು ಕೊಡುವ ಅಂಗಡಿಯೊಂದಕ್ಕೆ ಕಾಗದವನ್ನೂ ಗಾಜನ್ನೂ ಒಯ್ದೆ. ಅಲ್ಲಿನ ಹುಡುಗ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ, “ಲೈನೆಲ್ಲ ಓರೆಕೋರೆ ಆಗಿದೆ ಸಾರ್. ಎರಡು ನಿಮಿಷ ಕೊಡಿ, ನೀಟಾಗಿ ಮಾಡಿಬಿಡ್ತೀನಿ” ಎಂದ. ನಾನು ಗಂಭೀರನಾಗಿ, “ಬೇಡಪ್ಪ. ಇದು ನಮ್ಮ ತಾಯಿಯ ಕೈಬರಹ. ಹೇಗಿದೆಯೋ ಹಾಗೇ ಇರಲಿ” ಎಂದೆ. ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತೆಂಬುದನ್ನೂ ಮುಚ್ಚಿಡುವುದಿಲ್ಲ.

ಗಾಜನ್ನು ಕೊರೆಯುವ ಆ ಲೇಸರ್ ಯಂತ್ರದ ಕಥೆ ಸ್ವಾರಸ್ಯವಾದದ್ದು. ಮೊದಲ ಲೇಸರನ್ನು ೧೯೬೦ರಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಒಂದು ಮಾಣಿಕ್ಯದ ಕಡ್ಡಿಯಿಂದ ಹೊರಡಿಸಿದ. ಗಾಜಿಗೆ ಬೇಕಾದ ಲೇಸರು ಬೇರೆ. ಅದು ಇಂಗಾಲಾಮ್ಲ ಅನಿಲದಿಂದ ಹೊರಡುವಂಥದು. ಅದನ್ನು ೧೯೬೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ೧೯೩೮ರಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ ಹೋದ ಕುಮಾರ್ ಪಟೇಲರು. ಅದರ ಕಿರಣದ ಅಲೆಯುದ್ದ ೧೦.೬ ಮೈಕ್ರೋಮೀಟರು; ಹಸಿರು ಬೆಳಕಿನ ಅಲೆಗಿಂತ ಸುಮಾರು ಇಪ್ಪತ್ತು ಪಟ್ಟು ಉದ್ದ. ಕಣ್ಣಿಗೆ ಕಾಣುವ ಬೆಳಕನ್ನು ತಡೆಯದೆ ಬಿಡುವ ಗಾಜು ಈ ಕಾಣದ ಕಿರಣವನ್ನು ಮಾತ್ರ ಒಳಗೆ ಬಿಡುವುದಿಲ್ಲ, ಮೇಲ್ಮೈಯಲ್ಲಿಯೇ ಹೀರಿಕೊಳ್ಳುತ್ತದೆ. ಕಿರಣ ತಾಗಿದ ಸೂಜಿಮೊನೆಯಷ್ಟು ಜಾಗ ಥಟ್ಟನೆ ಕಾದು, ಸುತ್ತಲಿನ ತಣ್ಣನೆಯ ಗಾಜಿನೊಡನೆ ಹೊಂದಲಾರದೆ ನವುರಾಗಿ ಬಿರಿಯುತ್ತದೆ. ಕೋಟಿ ಬಿರುಕುಗಳ ಆ ಗೆರೆ ನಮಗೆ ಮಂಜಿನಂತೆ ಬೆಳ್ಳಗೆ ಕಾಣುತ್ತದೆ. ಬಿಸಿ ಹೆಚ್ಚಾಗಿ ಚಕ್ಕೆ ಏಳದಿರಲೆಂದು ಹುಡುಗ ಗಾಜಿನ ಮೇಲೆ ಒದ್ದೆ ಕಾಗದವನ್ನು ಹಾಸಿದ. ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಅಂಚುಗಳು ಕೈ ಕೊಯ್ಯದಂತೆ ಉಜ್ಜಿಸಿಕೊಂಡು ಮನೆಗೆ ತಂದೆ.

ರಾತ್ರಿ ಕೋಣೆಯ ಬಾಗಿಲು ಹಾಕಿ ದೀಪ ಹೊತ್ತಿಸಿದೆ. ಬರಿಯ ಗಾಜು ಕಾಣಲೇ ಇಲ್ಲ. ಕತ್ತಲೆಯಲ್ಲಿ ಹೊಂಬಣ್ಣದ ರಂಗೋಲಿಯೊಂದೇ ನಿಂತಿತ್ತು. ಕೆಳಗಿನ ಅಂಚಿನಿಂದ ಹೊಕ್ಕ ಬೆಳಕು ಗಾಜಿನ ಎರಡು ಮೈಗಳಿಗೆ ಸುಮಾರು ೪೨ ಅಂಶಕ್ಕಿಂತ ಹೆಚ್ಚು ಓರೆಯಾಗಿ ಬಡಿಯುವುದರಿಂದ ಹೊರಕ್ಕೆ ಬರಲಾರದೆ ಒಳಗೊಳಗೇ ಪುಟಿಯುತ್ತ ಮೇಲೇರುತ್ತದೆ; ಬಿರಿದ ಗೆರೆ ಸಿಕ್ಕಲ್ಲಿ ಮಾತ್ರ ಚದುರಿ ಹೊರಬೀಳುತ್ತದೆ. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನ ಎಂದು ಹೆಸರು. ೧೮೪೧ರಲ್ಲಿ ಜಿನೀವಾದ ಕೊಲಾಡಾನ್ ಎಂಬಾತ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕನ್ನು ಹೀಗೆಯೇ ಹರಿಸಿ ತೋರಿಸಿದ್ದ. ಮೂವತ್ತೊಂದು ವರ್ಷ ಅದನ್ನು ಪರೀಕ್ಷೆಯ ಐದು ಅಂಕಗಳ ಪ್ರಶ್ನೆಯಾಗಿ ಕಂಡ ನಾನು ಆ ರಾತ್ರಿ ಬಾಯಿಬಿಟ್ಟುಕೊಂಡು ನೋಡಿದೆ.

ಮರುದಿನ ಸಂಜೆ ದೀಪವನ್ನು ಗೂಡಿನಲ್ಲಿಟ್ಟು ಅಮ್ಮನನ್ನು ಕರೆತಂದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಪೀಠವನ್ನು ಎಡಗೈಯಿಂದ ಸವರಿ, “ಅವರ ಮಣೆ” ಎಂದಳು. ನಾನು ಕಾಯುತ್ತ ನಿಂತಿದ್ದೆ. ಅವಳ ಬೆರಳು ಗಾಜಿನ ಮೇಲೆ ಎಳೆಯನ್ನು ಹಿಡಿದು ಹೊರಟು, ಒಂದು ಕಡೆ ನಿಂತಿತು.

“ಇಲ್ಲಿ ಒಂದು ಚುಕ್ಕಿ ಎಳೆಯಿಂದ ಹೊರಗೆ ಬಿದ್ದಿದೆ. ಇಲ್ಲಿ ಎಳೆ ಕಡಿದಿದೆ. ಇದನ್ನ ಹೀಗೇ ಕೊರೆಸಿಬಿಟ್ಟೆಯಾ?”

“ನೀನೇ ಬರೆದದ್ದಲ್ಲವೇ ಅಮ್ಮ? ನಿನ್ನ ಕೈಯಿನದು ಹಾಗೇ ಇರಲಿ ಎಂದು…”

“ಅದು ಮುರಿದ ಕೈಯಿಂದು ಕಣೋ, ನನ್ನ ಕೈಯಿಂದಲ್ಲ” ಎಂದಳು. ಕೋಪವಿರಲಿಲ್ಲ, ಆದ್ದರಿಂದಲೇ ಮಾತು ಹೆಚ್ಚು ನಾಟಿತು. “ನೆಲದ ಮೇಲೆ ತಪ್ಪಿದರೆ ಚಿಂತೆಯಿಲ್ಲ. ನಾಳೆ ನೀರು ಹಾಕಿ ತೊಳೆದರೆ ಹೋಯಿತು, ಇನ್ನೊಂದು ಬಿಡಿಸಬಹುದು. ಅಳಿಸೋಕೆ ಆಗದೇ ಇರೋದನ್ನ ಬರೆಯೋವಾಗ ಕೇಳಬೇಡವೇ? ಹೇಳಿದ್ದರೆ ಸರಿಯಾಗಿ ಬರೆದುಕೊಡ್ತಿದ್ದೆ.”

ಅಂಟಿಸುವ ರಂಗೋಲಿಯ ಮುಂದೆ ನಿಂತು ಅವಳು ಹಿಂದೆ ಆಡಿದ ಮಾತು ಆಗ ನನಗೆ ಅರ್ಥವಾಯಿತು. ಎಪ್ಪತ್ತು ವರ್ಷ ದಿನದಿನವೂ ಅಳಿಸಿ ದಿನದಿನವೂ ಬರೆದವಳಿಗೆ, ತಪ್ಪೆಂಬುದು ನಾಳೆ ತಿದ್ದತಕ್ಕ ವಸ್ತು. ನಾನು ಅವಳ ಮುಪ್ಪನ್ನೂ ನೋವನ್ನೂ ಗಾಜಿನಲ್ಲಿ ಕೊರೆಸಿ, ಅದಕ್ಕೆ ದೀಪ ಹಚ್ಚಿ, ಅವಳು ದಿನಾ ರಾತ್ರಿ ಎಡವಿದ ಹೊಸ್ತಿಲ ಪಕ್ಕದಲ್ಲಿಯೇ ಇಟ್ಟಿದ್ದೆ. ನಡುಗುವ ಎಳೆ ಅಮೂಲ್ಯವಾಗಿದ್ದದ್ದು ಅವಳನ್ನು ಕಳೆದುಕೊಳ್ಳುವ ಭಯವಿದ್ದ ನನಗೆ; ಅವಳಿಗಲ್ಲ. ನೀಲಿ ದೀಪ ಹಾಕಿಸಿದಾಗಲೂ ನಾನು ಕೇಳಿರಲಿಲ್ಲ. ಜೇನಿನ ದೀಪ ಮಾಡಿದಾಗಲೂ ಕೇಳಲಿಲ್ಲ. ಬಣ್ಣ ಬದಲಾಗಿತ್ತು, ತಪ್ಪು ಅದೇ.

“ಹಾಗಾದರೆ ಬರೆದುಕೊಡಮ್ಮ” ಎಂದೆ.

ಅಂದು ಆರಂಭವಾದ ಅಭ್ಯಾಸ ಹದಿನೆಂಟು ದಿನ ನಡೆಯಿತು. ಮೊದಲ ಮೂರು ದಿನ ಚುಕ್ಕಿಗಳ ಸಾಲೇ ನೆಟ್ಟಗಾಗಲಿಲ್ಲ. ನೋವಿಗೆ ಹಲ್ಲು ಕಚ್ಚುತ್ತಿದ್ದಳು, ನಾನು ಸಾಕೆಂದರೆ, “ನಿನ್ನನ್ನ ಕೇಳಿದೆನೇ?” ಎನ್ನುತ್ತಿದ್ದಳು. ಮೊಮ್ಮಗಳ ಹಳೆಯ ನೋಟುಪುಸ್ತಕ ಎರಡು ಮುಗಿದವು. ಬೆರಳುಗಳು ಮೊದಲು ಪೆನ್ಸಿಲನ್ನು ಹಿಡಿದವು, ಆಮೇಲೆ ಮಡಿಸಿದವು, ಆಮೇಲೆ ತಿರುಗಿದವು. ನಡುವೆ ವೈದ್ಯರಲ್ಲಿಗೆ ಹೋದಾಗ ಅವರು ಕೈಯನ್ನು ಮಡಿಸಿ ಬಿಡಿಸಿ ನೋಡಿ, ಚೆಂಡು ಒಳ್ಳೆಯ ಕೆಲಸ ಮಾಡಿದೆ ಎಂದು ಮೆಚ್ಚಿದರು. ಅಮ್ಮ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಹದಿನೆಂಟನೆಯ ದಿನ ಒಂದು ಹಾಳೆಯನ್ನು ನನ್ನ ಮುಂದಿಟ್ಟು, “ಇದನ್ನ ಕೊರೆಸು” ಎಂದಳು. ಮೂವತ್ತೇಳು ಚುಕ್ಕಿಗಳೂ ಎಳೆಯ ಒಳಗೇ ಇದ್ದವು. ಎಳೆ ಎಲ್ಲಿ ಹೊರಟಿತೆಂದು ಹುಡುಕಿದರೂ ತಿಳಿಯುವಂತಿರಲಿಲ್ಲ.

ಅಂಗಡಿಯ ಹುಡುಗ ಈ ಸಲ ಚಿತ್ರವನ್ನು ನೋಡಿ, “ಇದಕ್ಕೆ ನಾನು ಮಾಡೋದು ಏನೂ ಇಲ್ಲ ಸಾರ್” ಎಂದ. ಆ ಮಾತನ್ನು ಅಮ್ಮನಿಗೆ ಹಾಗೆಯೇ ಒಪ್ಪಿಸಿದೆ. ಅವಳಿಗೆ ದೊರೆತ ಪ್ರಶಸ್ತಿಗಳಲ್ಲಿ ನಾನು ಕಂಡದ್ದು ಅದೊಂದೇ.

ಈಗ ದೀಪ ಗೂಡಿನಲ್ಲಿದೆ. ರಾತ್ರಿ ಎಂದಾದರೂ ನನಗೆ ಎಚ್ಚರವಾದರೆ ಅಮ್ಮನ ಬಳೆಯ ಸದ್ದು ಹೊಸ್ತಿಲವರೆಗೆ ಬಂದು, ಅಲ್ಲಿ ಒಂದು ಕ್ಷಣ ನಿಂತು, ದಾಟಿ ಮುಂದೆ ಹೋಗುವುದು ಕೇಳುತ್ತದೆ. ದೀಪವನ್ನು ಅವಳು ಶಾಂತಮಾಡುವುದಿಲ್ಲ. ಬಾಗಿಲಿನ ಅಂಟು ರಂಗೋಲಿಯನ್ನು ನನ್ನ ಹೆಂಡತಿ ಕಿತ್ತು ಹಾಕಿದ್ದಾಳೆ. ಅಲ್ಲಿ ಬೆಳಿಗ್ಗೆ ಮೂರು ಚುಕ್ಕಿಯ ಪುಟ್ಟ ರಂಗೋಲಿಯೊಂದು ಬೀಳುತ್ತದೆ. ಕೆಲವು ದಿನ ಎಳೆ ಸೊಟ್ಟಗಿರುತ್ತದೆ. ಮರುದಿನ ತೊಳೆದುಹೋಗುತ್ತದೆ.

ಒಂದು ತಪ್ಪೊಪ್ಪಿಗೆ ಉಳಿದಿದೆ. ಮೊದಲ ಗಾಜನ್ನು ಒಡೆದುಹಾಕೆಂದು ಅಮ್ಮ ಅಪ್ಪಣೆ ಮಾಡಿದ್ದಳು. ಹೂಂ ಎಂದಿದ್ದೆ. ಅದು ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿ ಭದ್ರವಾಗಿದೆ. ಪತ್ರಿಕೆಯ ಸಣ್ಣಕ್ಷರ ಅಮ್ಮನಿಗೆ ಈಗ ಕಾಣುವುದಿಲ್ಲ. ನಮ್ಮ ಮನೆಯನ್ನು ಬಲ್ಲ ವಾಚಕರು ಯಾರಾದರೂ ಇದ್ದರೆ ದಯಮಾಡಿ ಇದನ್ನು ಅವಳಿಗೆ ಓದಿ ಹೇಳಬಾರದೆಂದು ಬೇಡಿಕೊಳ್ಳುತ್ತೇನೆ.